ಲಕೋಟಾ ನಾಡಿನ ಶಾಲೆಯಲ್ಲೊಂದು ನಂಟು



ನಮ್ಮ ಸಂಘದ ಮನೆಗಳಲ್ಲಿ ಬೆಳೆದ ನಿಮ್ಮಲ್ಲಿ ಹಲವರು ಓದಿಗೆಂದೋ ನೌಕರಿಗೆಂದೋ ಅಮೆರಿಕಕ್ಕೆ ಹೋಗುತ್ತೀರಿ. ನಯಾಗರಾ ನೋಡುತ್ತೀರಿ, ನ್ಯೂಯಾರ್ಕಿನ ಎತ್ತರದ ಕಟ್ಟಡಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತೀರಿ. ಕೆಲವರು ಮಾತ್ರ, ‘ಆಂಟಿ, ಎಲ್ಲಾದರೂ ಒಂದಷ್ಟು ದಿನ ಸೇವೆ ಮಾಡಬೇಕೆಂದಿದೆ, ಎಲ್ಲಿಗೆ ಹೋಗಲಿ?’ ಎಂದು ಕೇಳುತ್ತೀರಿ. ಅಂಥವರಿಗಾಗಿ ಈ ನಾಲ್ಕು ಮಾತು. ನನ್ನ ಮಗಳು, ಅಳಿಯ ದಕ್ಷಿಣ ಡಕೋಟಾ ರಾಜ್ಯದ ರ‍್ಯಾಪಿಡ್ ಸಿಟಿಯಲ್ಲಿದ್ದಾರೆ. 2023 ಮತ್ತು 2024ರಲ್ಲಿ ಅವರಲ್ಲಿಗೆ ಹೋದಾಗ ಎರಡು ಸಲವೂ ಆಗಸ್ಟಿನಿಂದ ಡಿಸೆಂಬರ್ ತನಕ ಪೈನ್ ರಿಜ್ ಎಂಬಲ್ಲಿನ ಒಂದು ಚಿಕ್ಕ ಶಾಲೆಯಲ್ಲಿ ಸಂಬಳವಿಲ್ಲದ ಕೆಲಸಕ್ಕೆ ನಿಂತೆ. ಮಕ್ಕಳ ದೃಷ್ಟಿಯಿಂದ ಶಾಲೆಯ ಹೆಸರು ಹೇಳುವುದಿಲ್ಲ. ಊರಿನ ಬಗ್ಗೆ ಮಾತ್ರ ಎಷ್ಟು ಹೇಳಿದರೂ ಸಾಲದು.

ಪೈನ್ ರಿಜ್ ಒಂದು ‘ರಿಸರ್ವೇಶನ್’. ನಮಗೆ ಆ ಮಾತು ಕೇಳಿದರೆ ರೈಲಿನ ಟಿಕೇಟು ನೆನಪಾಗುತ್ತದೆ. ಅಲ್ಲಿ ಅದರ ಅರ್ಥ ಬೇರೆ. ಮೂಲನಿವಾಸಿಗಳ ಕೈಯಲ್ಲಿ ಕೊನೆಗೆ ಉಳಿದ ನೆಲವನ್ನು ಹಾಗೆನ್ನುತ್ತಾರೆ. ಇಲ್ಲಿರುವವರು ಓಗ್ಲಾಲಾ ಲಕೋಟಾ ಜನ. ವಿಸ್ತೀರ್ಣ ಸುಮಾರು 9,000 ಚದರ ಕಿಲೋಮೀಟರ್, ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು. ಕಾಡಿಲ್ಲ, ಕಡಲಿಲ್ಲ. ಕಣ್ಣು ಹಾಯುವಷ್ಟು ದೂರ ಹುಲ್ಲು, ಅದರ ಮೇಲೆ ನಿಲ್ಲದೆ ಬೀಸುವ ಗಾಳಿ. ಉತ್ತರಕ್ಕೆ ಮಳೆ ಗಾಳಿಗಳು ಕೊರೆದಿಟ್ಟ ಬ್ಯಾಡ್‌ಲ್ಯಾಂಡ್ಸ್ ಎಂಬ ಬೋಳು ಗುಡ್ಡಗಳ ಸಾಲು. ರ‍್ಯಾಪಿಡ್ ಸಿಟಿಯಿಂದ ಎರಡು ತಾಸಿನ ಕಾರಿನ ಹಾದಿ. ಲೋಕಲ್ ಗಾಡಿಯ ಗದ್ದಲದಲ್ಲಿ ಬೆಳೆದ ನಿಮಗೆ ಮೊದಲ ವಾರ ಅಲ್ಲಿನ ಮೌನವೇ ಕಿವಿಗೆ ಜೋರಾಗಿ ಕೇಳಿಸೀತು.

ಈ ಜನರಿಗೂ ಅಮೆರಿಕ ಸರಕಾರಕ್ಕೂ 1868ರಲ್ಲಿ ಫೋರ್ಟ್ ಲಾರಮಿಯಲ್ಲಿ ಒಪ್ಪಂದವಾಯಿತು. ಅದರ ಪ್ರಕಾರ ಈಗಿನ ದಕ್ಷಿಣ ಡಕೋಟಾದ ಪಶ್ಚಿಮಾರ್ಧವೆಲ್ಲ ಅವರದೇ. ಅವರು ಪವಿತ್ರವೆಂದು ನಂಬಿದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳೂ ಅದರಲ್ಲಿ ಸೇರಿದ್ದವು. 1874ರಲ್ಲಿ ಅಲ್ಲಿ ಚಿನ್ನ ಕಂಡಿತು. 1877ರಲ್ಲಿ ಬೆಟ್ಟಗಳು ಕೈಬಿಟ್ಟವು. ನೂರು ವರ್ಷ ಕಳೆದು 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬೆಟ್ಟಗಳನ್ನು ತೆಗೆದುಕೊಂಡದ್ದಕ್ಕೆ ಪರಿಹಾರ ಕೊಡಲೇಬೇಕೆಂದು ತೀರ್ಪಿತ್ತಿತು. ಬಡ್ಡಿ ಸೇರಿ 10 ಕೋಟಿ ಡಾಲರಿಗೂ ಮಿಕ್ಕಿದ ಆ ಹಣವನ್ನು ಇವರು ಮುಟ್ಟಲಿಲ್ಲ. ಇವತ್ತು ಅದು ಬೆಳೆದು 100 ಕೋಟಿ ಡಾಲರನ್ನು ದಾಟಿದೆ. ದೇಶದಲ್ಲೇ ತೀರ ಬಡವರೆನಿಸಿಕೊಂಡ ಜನ, ‘ಬೆಟ್ಟ ಮಾರಾಟಕ್ಕಿಲ್ಲ’ ಎಂದು ಅದನ್ನು ಹಾಗೆಯೇ ಬಿಟ್ಟಿದ್ದಾರೆ. ಸೇವೆ ಮಾಡಲು ಹೋಗುವವರು ಮೊದಲು ತಿಳಿಯಬೇಕಾದ ಸಂಗತಿ ಇದು. ನೀವು ಹೋಗುತ್ತಿರುವುದು ಕೈಚಾಚಿದವರ ಊರಿಗಲ್ಲ.

ಇನ್ನು ಶಾಲೆಯ ದಿನಚರಿ. ಬೆರಳಚ್ಚು ಕೊಟ್ಟು, ಹಿಂದಿನ ದಾಖಲೆಗಳ ಪರಿಶೀಲನೆ ಮುಗಿಯುವ ತನಕ ಮಕ್ಕಳ ಹತ್ತಿರ ಬಿಡುವುದಿಲ್ಲ. ಅದು ಸರಿಯಾದ ಕ್ರಮವೇ. ಸ್ವಯಂಸೇವಕರಿಗೆಂದು ಶಾಲೆಯ ಹಿಂದೆ ಒಂದು ಮನೆ. ನನ್ನ ಜೊತೆಗಿದ್ದ ಐವರೂ ಕಾಲೇಜು ಮುಗಿಸಿ ಬಂದ 22-23ರ ಹುಡುಗ ಹುಡುಗಿಯರು. ಅಡಿಗೆಗೆ ಸರದಿ. ನನ್ನ ಸರದಿಯ ದಿನ ಸಾರು, ಅನ್ನ, ಎಲೆಕೋಸಿನ ಪಲ್ಯ. ಎರಡನೆಯ ವಾರಕ್ಕೆ ಸಾಸಿವೆ ಸಿಡಿದ ಸದ್ದು ಕೇಳಿದರೆ ಸಾಕು, ತಟ್ಟೆ ಹಿಡಿದು ಬರತೊಡಗಿದರು. ಅವರಲ್ಲಿ ಇಬ್ಬರು ಶಾಲೆಯ ಬಸ್ಸು ಓಡಿಸುವ ಲೈಸೆನ್ಸು ಪಡೆದಿದ್ದರು. ಬೆಳಗಿನ ಐದಕ್ಕೆ ಎದ್ದು, ಎಂಜಿನ್ ಬೆಚ್ಚಗೆ ಮಾಡಿ, ಮಣ್ಣುದಾರಿಯಲ್ಲಿ ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತಂದು, ಆಮೇಲೆ ಗಣಿತದ ಪಾಠ. ಡಿಸೆಂಬರಿನಲ್ಲಿ ಚಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವುದುಂಟು. ಅಂಥ ದಿನವೂ ಬಸ್ಸು ಹೊರಡಬೇಕು. ಏಕೆಂದರೆ ಎಷ್ಟೋ ಮಕ್ಕಳಿಗೆ ಶಾಲೆಯ ಬಿಸಿಯೂಟವೇ ಆ ದಿನದ ನಂಬಿಕೆಯ ಊಟ.

ನನ್ನ ಪಾಲಿಗೆ ಬಂದದ್ದು ಗ್ರಂಥಾಲಯ. ಪುಸ್ತಕಗಳಿಗೆ ರಟ್ಟು ಹಾಕುವುದು, ಓದಲು ತಡವರಿಸುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಓದಿಸುವುದು. ಅಲ್ಲಿ ಒಂದು ವಿಷಯ ಗಮನಿಸಿದೆ. ಪ್ರಶ್ನೆ ಕೇಳಿದರೆ ಮಗು ತಲೆ ತಗ್ಗಿಸುತ್ತದೆ, ಕೂಡಲೆ ಉತ್ತರಿಸುವುದಿಲ್ಲ. ಜೊತೆಯ ಹುಡುಗಿಯೊಬ್ಬಳು, ‘ಇವರಿಗೆ ಆಸಕ್ತಿಯೇ ಇಲ್ಲ’ ಎಂದು ನೊಂದುಕೊಂಡಿದ್ದಳು. ನನಗೆ ಹಾಗನ್ನಿಸಲಿಲ್ಲ. ಹಿರಿಯರ ಮುಖವನ್ನು ನೆಟ್ಟ ಕಣ್ಣಿಂದ ನೋಡಬಾರದೆಂದು ನಮ್ಮ ಅಜ್ಜಿಯರೂ ಹೇಳಿಕೊಟ್ಟವರೇ ಅಲ್ಲವೆ? ಮಾತಾಡುವ ಮೊದಲು ಒಂದು ಗಳಿಗೆ ಸುಮ್ಮನಿರುವುದು ಅಲ್ಲಿನ ಮರ್ಯಾದೆ. ಆ ಗಳಿಗೆಯನ್ನು ಕೊಟ್ಟು ನೋಡಿ, ಉತ್ತರ ತಾನಾಗಿ ಬರುತ್ತದೆ.

ಮೊದಲ ವಾರದಲ್ಲಿ ಮಕ್ಕಳು ನನ್ನ ಹೆಸರು ಕೇಳಲಿಲ್ಲ. ‘ನೀವು ಯಾವಾಗ ಹೋಗುತ್ತೀರಿ?’ ಎಂದು ಕೇಳಿದರು. ಒಬ್ಬರಲ್ಲ, ನಾಲ್ಕಾರು ಮಕ್ಕಳು. ಕೇಳುವ ಧ್ವನಿಯಲ್ಲಿ ಒರಟುತನ ಇರಲಿಲ್ಲ. ಮಳೆ ಯಾವಾಗ ನಿಲ್ಲುತ್ತದೆ ಎಂದು ಕೇಳಿದ ಹಾಗೆ. ಅಲ್ಲಿನ ಮಕ್ಕಳು ಒಂದು ವಾರಕ್ಕೆ ಬಂದು ಗೋಡೆಗೆ ಬಣ್ಣ ಬಳಿದು ಹೋದವರನ್ನು ಕಂಡಿದ್ದಾರೆ. ಒಂದು ವರ್ಷ ಪಾಠ ಹೇಳಿ, ಹೆಗಲ ಮೇಲೆ ಹೊತ್ತು ಆಡಿಸಿ, ಮೇ ತಿಂಗಳಲ್ಲಿ ಅತ್ತು ಬೀಳ್ಕೊಂಡು ಮತ್ತೆ ಪತ್ತೆಯಿಲ್ಲದವರನ್ನೂ ಕಂಡಿದ್ದಾರೆ. ಆದ್ದರಿಂದ ಅವರು ಮೊದಲೇ ಲೆಕ್ಕ ಕೇಳಿಕೊಂಡು, ಅಷ್ಟಕ್ಕೆ ತಕ್ಕಷ್ಟೇ ಮನಸ್ಸು ಕೊಡುತ್ತಾರೆ.

ಇದಕ್ಕೆ ಹಿಂದಿನದೊಂದು ಕಾರಣವೂ ಇದೆ. ಶಾಲೆ ಎಂಬ ಮಾತೇ ಅಲ್ಲಿನ ಮುದುಕರಿಗೆ ಹಿತವಾದುದಲ್ಲ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬಲ್ಲಿ ಸೈನ್ಯದ ಅಧಿಕಾರಿ ರಿಚರ್ಡ್ ಪ್ರ್ಯಾಟ್ ಒಂದು ವಸತಿಶಾಲೆ ತೆರೆದ. ಮೊದಲು ಕರೆದೊಯ್ದ ಮಕ್ಕಳಲ್ಲಿ ಹೆಚ್ಚಿನವರು ಪೈನ್ ರಿಜ್ ಮತ್ತು ಪಕ್ಕದ ರೋಸ್‌ಬಡ್‌ನವರು. ಹೋದ ಕೂಡಲೆ ಕೂದಲು ಕತ್ತರಿಸಿದರು. ಲಕೋಟಾ ಜನರಲ್ಲಿ ಕೂದಲು ಕತ್ತರಿಸುವುದು ಮನೆಯಲ್ಲಿ ಸಾವಾದಾಗ. ಆಮೇಲೆ ಹೆಸರು ಬದಲಾಯಿಸಿದರು. ಮುಂದೆ ಬರಹಗಾರನಾದ ಲೂಥರ್ ಸ್ಟ್ಯಾಂಡಿಂಗ್ ಬೇರ್ ಅಂಥ ಮಕ್ಕಳಲ್ಲೊಬ್ಬ. ಓದಲು ಬಾರದ ಹುಡುಗ ಕರಿಹಲಗೆಯ ಮೇಲೆ ಬರೆದಿದ್ದ ಹೆಸರುಗಳಲ್ಲಿ ಒಂದಕ್ಕೆ ಕೋಲು ತೋರಿಸಿದ, ಅವನು ‘ಲೂಥರ್’ ಆದ. ತಾಯಿನುಡಿ ಆಡಿದರೆ ಶಿಕ್ಷೆ. ಇದೇ ಮಾದರಿಯ ಶಾಲೆಗಳು ದೇಶದ ಉದ್ದಗಲಕ್ಕೂ ಎದ್ದವು, ಹಲವು ದಶಕ ನಡೆದವು. ಅಮೆರಿಕದ ಒಳಾಡಳಿತ ಇಲಾಖೆ 2024ರಲ್ಲಿ ಹೊರತಂದ ವರದಿಯ ಪ್ರಕಾರ ಇಂಥ ಶಾಲೆಗಳಲ್ಲಿ ಸತ್ತ ಮಕ್ಕಳು ಕಡಿಮೆಯೆಂದರೂ 973. ಕಾರ್ಲೈಲಿನಲ್ಲಿ ಹೂತಿದ್ದ ರೋಸ್‌ಬಡ್‌ನ ಒಂಬತ್ತು ಮಕ್ಕಳ ಅವಶೇಷಗಳು ತಮ್ಮ ನೆಲಕ್ಕೆ ಮರಳಿದ್ದು 2021ರಲ್ಲಿ.

ನಾನು ಎರಡನೆಯ ಸಲ ಅಲ್ಲಿದ್ದಾಗ, 2024ರ ಅಕ್ಟೋಬರ್ 25ರಂದು, ಆಗಿನ ಅಧ್ಯಕ್ಷ ಜೋ ಬೈಡನ್ ಅರಿಜೋನಾದಲ್ಲಿ ಈ ಶಾಲೆಗಳಿಗಾಗಿ ದೇಶದ ಪರವಾಗಿ ಕ್ಷಮೆ ಕೇಳಿದರು. ಶಾಲೆಯಲ್ಲಿ ಭಾಷೆ ಕಲಿಸುವ ಅಜ್ಜಿಯೊಬ್ಬರು ಸುದ್ದಿ ಕೇಳಿ ಏನೂ ಹೇಳಲಿಲ್ಲ. ತರಗತಿಗೆ ಹೋಗಿ ಎಂದಿನಂತೆ ಮಕ್ಕಳಿಗೆ ಎಣಿಸಲು ಹೇಳಿಕೊಟ್ಟರು: ‘ವನ್ಜಿ, ನೂಂಪ, ಯಾಮ್ನಿ...’ ಅವರ ಉತ್ತರ ಅದೇ ಇರಬೇಕೆಂದು ನಾನು ತಿಳಿದುಕೊಂಡೆ.

ಈಗ ನಮಗೆ ನೇರವಾಗಿ ಸಂಬಂಧಿಸಿದ ಸಂಗತಿಗೆ ಬರುತ್ತೇನೆ. ಲಕೋಟಾ ಭಾಷೆಯಲ್ಲಿ ತಾಯಿಗೆ ‘ಇನಾ’. ತಾಯಿಯ ಅಕ್ಕತಂಗಿಯರಿಗೂ ‘ಇನಾ’ ಎಂದೇ. ತಂದೆಗೆ ‘ಅತೇ’, ತಂದೆಯ ಅಣ್ಣತಮ್ಮಂದಿರಿಗೂ ‘ಅತೇ’. ನಮ್ಮ ದೊಡ್ಡಮ್ಮ-ಚಿಕ್ಕಮ್ಮ, ದೊಡ್ಡಪ್ಪ-ಚಿಕ್ಕಪ್ಪಂದಿರ ಹಾಗೆಯೇ ಅಲ್ಲವೆ? ಅವರ ಮಕ್ಕಳೆಲ್ಲ ಒಡಹುಟ್ಟಿದವರು. ಆದರೆ ತಾಯಿಯ ಅಣ್ಣತಮ್ಮಂದಿರಿಗೆ ‘ಲೆಕ್ಷಿ’ ಎಂಬ ಬೇರೆಯೇ ಹೆಸರು, ನಮ್ಮ ಸೋದರಮಾವನ ಹಾಗೆ. ತಂದೆಯ ಅಕ್ಕತಂಗಿಯರಿಗೆ ‘ತುನ್ವಿನ್’, ನಮ್ಮ ಸೋದರತ್ತೆಯ ಹಾಗೆ. ಅವರ ಮಕ್ಕಳನ್ನು ಕರೆಯುವ ಮಾತುಗಳೂ ಬೇರೆ. ಮದುವೆಯ ಕಟ್ಟಳೆ ಮಾತ್ರ ನಮ್ಮಂತಲ್ಲ. ಅತ್ತೆ-ಮಾವನ ಮಕ್ಕಳನ್ನು ಅವರಲ್ಲಿ ಮದುವೆಯಾಗುವುದಿಲ್ಲ. ‘ನಮ್ಮ ಭಾಷೆಯಲ್ಲಿ ಅತ್ತೆ ಎಂದರೆ ಅಪ್ಪನ ತಂಗಿ’ ಎಂದು ನಾನು ಹೇಳಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಅವರ ಕಿವಿಗೆ ಅದು ‘ಅಪ್ಪ’ ಎಂದು ಕೇಳಿಸಿತ್ತು. ಇನ್ನೊಂದು ತಮಾಷೆ. ಒಪ್ಪಿಗೆ ಸೂಚಿಸಲು ಅಲ್ಲಿ ಗಂಡಸರು ‘ಹೌ’ ಎನ್ನುತ್ತಾರೆ, ಹೆಂಗಸರು ‘ಹಾಂ’ ಎನ್ನುತ್ತಾರೆ. ಇದು ಬರೀ ಕಾಕತಾಳೀಯ. ಆದರೂ ಸಾವಿರಾರು ಮೈಲಿಯಾಚೆ ಅದನ್ನು ಕೇಳಿದಾಗ ಒಂದು ಕ್ಷಣ ಧಾರವಾಡದ ಕಟ್ಟೆಯ ಮೇಲೆ ಕೂತ ಹಾಗಾಗುತ್ತದೆ.

ನಂಟಸ್ತಿಕೆಯ ಈ ಹೋಲಿಕೆಯನ್ನು ನಾನು ಕಂಡುಹಿಡಿದದ್ದಲ್ಲ. ಲೂಯಿ ಹೆನ್ರಿ ಮಾರ್ಗನ್ ಎಂಬ ಅಮೆರಿಕದ ವಿದ್ವಾಂಸ 1871ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವೊಂದರಲ್ಲಿ ಲೋಕದ ಹಲವು ಜನಾಂಗಗಳ ಸಂಬಂಧವಾಚಕಗಳನ್ನು ಪಟ್ಟಿ ಮಾಡಿದ. ಅಮೆರಿಕದ ಮೂಲನಿವಾಸಿಗಳ ಪಟ್ಟಿ ಒಂದು ಕಡೆ, ತಮಿಳು, ತೆಲುಗು, ಕನ್ನಡಗಳ ಪಟ್ಟಿ ಇನ್ನೊಂದು ಕಡೆ. ಎರಡರ ಹೊಂದಾಣಿಕೆ ಕಂಡು ಅವನಿಗೇ ಬೆರಗು. ಆ ಜನರೆಲ್ಲ ಏಷ್ಯಾದಿಂದ ಬಂದದ್ದಕ್ಕೆ ಇದೇ ಸಾಕ್ಷಿ ಎಂದು ಅವನು ವಾದಿಸಿದ. ಆ ವಾದವನ್ನು ಈಗ ಯಾರೂ ಒಪ್ಪುವುದಿಲ್ಲ. ಹೋಲಿಕೆ ಮಾತ್ರ ನಿಜ.

ಇದರ ಅರ್ಥ ಅಲ್ಲಿ ಪುಸ್ತಕದ್ದಲ್ಲ, ದಿನದಿನದ್ದು. ‘ತಿಯೋಶ್ಪಾಯೆ’ ಎಂದರೆ ಬಂಧುಬಳಗ. ಮನುಷ್ಯನ ಬೆಲೆ ಅವನ ಗಳಿಕೆಯಿಂದಲ್ಲ, ಅವನು ಎಂಥ ನಂಟನಾಗಿದ್ದಾನೆ ಎಂಬುದರಿಂದ. ಮನೆಗಳು ಸಾಲದೆ ಒಂದೇ ಮನೆಯಲ್ಲಿ ಎರಡು ಮೂರು ಸಂಸಾರ ಇರುವುದನ್ನು ನೋಡಿ ಹೊರಗಿನವರು ಬಡತನ ಎಂದು ಬರೆದುಕೊಳ್ಳುತ್ತಾರೆ. ಅದು ಬಡತನ ಹೌದು. ಆದರೆ ಅಕ್ಕನ ಮಕ್ಕಳನ್ನು ಬೀದಿಯಲ್ಲಿ ಬಿಡದೆ ಇರುವುದೂ ಹೌದು.

ಅಲ್ಲಿನ ಒಂದು ಊಟದ ರೀತಿ ಹೇಳುತ್ತೇನೆ. ಶಾಲೆಯ ಹಬ್ಬದೂಟದಲ್ಲಿ ಹಿರಿಯರು ಸಾಲು ನಿಲ್ಲುವಂತಿಲ್ಲ. ಅವರು ಕೂತಲ್ಲಿಗೆ ಹುಡುಗರು ತಟ್ಟೆ ತಂದುಕೊಡಬೇಕು. ಐವತ್ತು ದಾಟಿದ ನನಗೂ ತಟ್ಟೆ ಬಂತು. ಕಾಡೆಮ್ಮೆಯ ಸಾರನ್ನು ನಾನು ತಿನ್ನುವುದಿಲ್ಲವೆಂದು ತಿಳಿದು ಎಣ್ಣೆಯಲ್ಲಿ ಕರಿದ ಫ್ರೈ ಬ್ರೆಡ್ ಎಂಬ ದಪ್ಪ ರೊಟ್ಟಿ, ಕಾಡುಹಣ್ಣಿನಿಂದ ಮಾಡಿದ ‘ವೊಜಪಿ’ ಎಂಬ ಸಿಹಿ ಗೊಜ್ಜು ಇಟ್ಟಿದ್ದರು. ಉಳಿದದ್ದನ್ನು ಕಟ್ಟಿಕೊಂಡು ಹೋಗಲು ಎಲ್ಲರೂ ಮನೆಯಿಂದಲೇ ಡಬ್ಬಿ ತಂದಿರುತ್ತಾರೆ. ಅದಕ್ಕೆ ‘ವತೇಚ’ ಎಂಬ ಹೆಸರೇ ಇದೆ. ಮದುವೆಮನೆಯಿಂದ ಡಬ್ಬಿ ತರಲು ನಾಚುವ ನೀವು ಇದನ್ನು ನೋಡಬೇಕು. ಇನ್ನು ಸನ್ಮಾನದ ವಿಷಯ. ನಮ್ಮ ಸಂಘದಲ್ಲಿ ಗೌರವ ಪಡೆದವರು ಶಾಲು, ಹಾರ, ಹಣ್ಣಿನ ತಟ್ಟೆ ಮನೆಗೆ ಒಯ್ಯುತ್ತಾರೆ. ಅಲ್ಲಿಯೂ ನಕ್ಷತ್ರದ ಚಿತ್ತಾರದ ಕೌದಿಯನ್ನು ಹೆಗಲಿಗೆ ಹೊದಿಸುವ ಪದ್ಧತಿ ಇದೆ. ಆದರೆ ಮಗ ಹೈಸ್ಕೂಲು ಮುಗಿಸಿದನೆಂದರೆ ಮನೆಯವರು ವರ್ಷವಿಡೀ ಕೂಡಿಟ್ಟ ಕೌದಿ, ಕಂಬಳಿ, ಪಾತ್ರೆಗಳನ್ನು ಬಂದವರಿಗೆ ಹಂಚುತ್ತಾರೆ. ಗೌರವ ಬಂದವರು ಕೊಡಬೇಕು, ಪಡೆಯುವುದಲ್ಲ.

ಇಂಥ ಊರಿಗೆ ‘ಕೊಡಲು’ ಹೋದವರ ಗತಿ ಏನು, ಯೋಚಿಸಿ. ಕೊಡುವುದರಲ್ಲಿ ಅವರು ನಮಗಿಂತ ಪಳಗಿದವರು. ನೀವು ಕೊಡಬಹುದಾದದ್ದು ನಿಮ್ಮ ಹೊತ್ತು ಮತ್ತು ಮಾತು ಉಳಿಸಿಕೊಳ್ಳುವ ನಡತೆ, ಎರಡೇ.

ಭಾಷೆಯ ವಿಷಯ ಕೊನೆಗಿಟ್ಟುಕೊಂಡಿದ್ದೇನೆ. ಲಕೋಟಾವನ್ನು ತಾಯಿನುಡಿಯಾಗಿ ಆಡುವವರು ಈಗ 2,000ದ ಆಸುಪಾಸು, ಹೆಚ್ಚಿನವರು ವಯಸ್ಸಾದವರು. ಹೊಡೆದು ಬಿಡಿಸಿದ ಭಾಷೆಯನ್ನು ಈಗ ಶಾಲೆಯಲ್ಲೇ ಕೂರಿಸಿ ಕಲಿಸುತ್ತಿದ್ದಾರೆ. ಪೋರ್ಕುಪೈನ್ ಎಂಬ ಹಳ್ಳಿಯಲ್ಲಿ 1983ರಲ್ಲಿ ಶುರುವಾದ ಕಿಲಿ ರೇಡಿಯೋದಲ್ಲಿ ಲಕೋಟಾ ಮಾತು, ಹಾಡು ಬರುತ್ತವೆ. 2011ರಲ್ಲಿ ಮಕ್ಕಳ ಕರಡಿ ಕುಟುಂಬದ ಕಾರ್ಟೂನೊಂದಕ್ಕೆ ಲಕೋಟಾ ಧ್ವನಿ ಕೊಟ್ಟರು. ಡಿಸೆಂಬರಿನಲ್ಲಿ ರ‍್ಯಾಪಿಡ್ ಸಿಟಿಯಲ್ಲಿ ದೊಡ್ಡ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯುತ್ತದೆ, ಅದರ ಜೊತೆಗೇ ಲಕೋಟಾ ಭಾಷೆಯ ಸ್ಪರ್ಧೆಯೂ ಇದೆ. ಚೆಂಡಿನಾಟಕ್ಕೆ ಕೂಗುವಷ್ಟೇ ಜೋರಾಗಿ ಅಲ್ಲಿ ಒಂದು ಸರಿಯಾದ ಶಬ್ದಕ್ಕೂ ಕೂಗುತ್ತಾರೆ.

ಒಂದು ದಿನ ಐದನೆಯ ತರಗತಿಯ ಹುಡುಗಿ ಪುಸ್ತಕ ಮಡಿಸಿಟ್ಟು, ‘ನೀವು ಇಂಡಿಯನ್ ಅಂತೀರಲ್ಲ, ಯಾವ ಬುಡಕಟ್ಟು?’ ಎಂದಳು. ಕನ್ನಡ ಎಂಬ ಭಾಷೆಯವರು ಎಂದೆ. ‘ಎಷ್ಟು ಜನ ಮಾತಾಡುತ್ತಾರೆ?’ ನಾಲ್ಕು ಕೋಟಿಗೂ ಹೆಚ್ಚು ಎಂದೆ. ಅವಳಿಗೆ ಆ ಸಂಖ್ಯೆ ಹಿಡಿಸಲಿಲ್ಲ, ಮತ್ತೊಮ್ಮೆ ಹೇಳಿಸಿದಳು. ‘ನಿಮ್ಮ ಊರಿನ ಮಕ್ಕಳು?’ ನಾವಿರುವುದು ಬೇರೆ ಭಾಷೆಯ ಊರು, ಕೆಲವರು ಮಾತಾಡುತ್ತಾರೆ, ಕೆಲವರಿಗೆ ಅರ್ಥ ಮಾತ್ರ ಆಗುತ್ತದೆ, ಕೆಲವರಿಗೆ ಅದೂ ಇಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾಕೆ, ಅವರ ಅಜ್ಜಿಯರು ಸತ್ತುಹೋಗಿದ್ದಾರಾ?’ ಎಂದಳು.

ಮಿತ್ರರೇ, ಈ ಪ್ರಶ್ನೆಯನ್ನು ನಾನು ಇಲ್ಲಿಯ ತನಕ ಹೊತ್ತು ತಂದಿದ್ದೇನೆ. ನಿಮ್ಮಲ್ಲಿ ಬಹಳ ಮಂದಿಯ ಅಜ್ಜಿಯರು ಇನ್ನೂ ಇದ್ದಾರೆ, ಒಳಕೋಣೆಯಲ್ಲಿ ಕೂತು ಕನ್ನಡದಲ್ಲೇ ಸೀನುತ್ತಾರೆ. ಕನ್ನಡ ಆಡಿದಿರೆಂದು ನಿಮಗೆ ಯಾರೂ ಹೊಡೆದಿಲ್ಲ, ಕೂದಲು ಕತ್ತರಿಸಿಲ್ಲ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರನ್ನೂ ‘ಅಂಕಲ್’ ಎಂಬ ಒಂದೇ ಡಬ್ಬಿಗೆ ಹಾಕಿ ಮುಚ್ಚಿದ್ದು ನಾವು ನಾವೇ. ಆ ಹುಡುಗಿ ‘ಲೆಕ್ಷಿ’ ಎಂಬ ಒಂದು ಶಬ್ದವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ ಮನೆಗೊಯ್ದು ತನ್ನ ಮಾವನ ಮೇಲೆ ಪ್ರಯೋಗಿಸಿದಳಂತೆ. ಆ ಮಾವನಿಗೆ ಕಣ್ಣೀರು ಬಂತಂತೆ.

ಹಾಗಾದರೆ ಅಲ್ಲಿಗೆ ಹೋಗಬೇಡಿ ಎನ್ನುತ್ತೀರಾ ಎಂದು ಕೇಳಬೇಡಿ. ಹೋಗಿ. ವೀಸಾದ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಒಂದು ವಾರಕ್ಕಲ್ಲ, ಒಂದು ಶಾಲಾವರ್ಷಕ್ಕೆ ಹೋಗಿ. ದಪ್ಪ ಕೋಟು, ಒಳ್ಳೆಯ ಬೂಟು ಒಯ್ಯಿರಿ, ಕ್ಯಾಮೆರಾ ಪೆಟ್ಟಿಗೆಯಲ್ಲೇ ಇರಲಿ. ಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ, ಪ್ರಾರ್ಥನೆಯದ್ದಂತೂ ಬೇಡವೇ ಬೇಡ. 1890ರ ಡಿಸೆಂಬರ್ 29ರಂದು ಸೈನ್ಯ ಹೆಂಗಸರು ಮಕ್ಕಳೆನ್ನದೆ ಇನ್ನೂರೈವತ್ತಕ್ಕೂ ಹೆಚ್ಚು ಜನರನ್ನು ಕೊಂದ ವೂಂಡೆಡ್ ನೀ ಎಂಬ ಜಾಗ ಆ ನೆಲದಲ್ಲೇ ಇದೆ. ಅಲ್ಲಿಗೆ ಹೋದರೆ ಮಾತಾಡದೆ ನಿಂತು ಬನ್ನಿ. ಬಸ್ಸು ತೊಳೆಯಿರಿ ಎಂದರೆ ತೊಳೆಯಿರಿ.

ಹೊರಡುವಾಗ ಹೇಳುವ ಮಾತು ಒಂದಿದೆ. ಲಕೋಟಾದಲ್ಲಿ ಕೊನೆಯ ವಿದಾಯಕ್ಕೆ ಶಬ್ದವಿಲ್ಲ ಎನ್ನುತ್ತಾರೆ. ‘ತೋಕ್ಷಾ ಅಖೇ’ ಎನ್ನುತ್ತಾರೆ, ಆಮೇಲೆ ಮತ್ತೆ ಕಾಣೋಣ ಎಂದು. ನಮ್ಮಲ್ಲೂ ‘ಹೋಗುತ್ತೇನೆ’ ಎಂದರೆ ಹಿರಿಯರು ಬಾಯಿ ಮುಚ್ಚಿಸುತ್ತಾರೆ, ‘ಬರುತ್ತೇನೆ’ ಎನ್ನಬೇಕು. 2023ರ ಡಿಸೆಂಬರಿನಲ್ಲಿ ನಾನೂ ‘ತೋಕ್ಷಾ ಅಖೇ’ ಎಂದೆ. ಮಕ್ಕಳು ತಲೆಯಾಡಿಸಿದರು, ನಂಬಿದ ಹಾಗೆ ಕಾಣಲಿಲ್ಲ. ಮರು ಆಗಸ್ಟಿನಲ್ಲಿ ಗ್ರಂಥಾಲಯದ ಬಾಗಿಲು ತೆರೆದು ಕೂತಾಗ ಅದೇ ಹುಡುಗಿ ಬಂದಳು, ಒಂದು ವರ್ಷ ಎತ್ತರವಾಗಿದ್ದಳು. ಯಾವಾಗ ಹೋಗುತ್ತೀರಿ ಎಂದು ಕೇಳಲಿಲ್ಲ. ‘ಉನ್‌ಚಿ’ ಎಂದು ಕರೆದಳು. ಅಜ್ಜಿ ಎಂದರ್ಥ.